ಆರನೆಯ ಸೀಲು

ಎಂಜಿನ್ನಿನ ಆರನೆಯ ಸೀಲನ್ನು ಜಲಜಾಕ್ಷಿ ಗಾಜಿನ ಹಲಗೆಯ ಮೇಲೆ ಮಲಗಿಸಿ, ಹಿಂದಿನಿಂದ ಟಾರ್ಚು ಹಿಡಿದಳು. ಸೀಲಿನ ನಡುವೆ, ಅಡಿಯಿಂದ, ಬೆಳಕು ಕೂದಲೆಳೆಯಷ್ಟು ಇಣುಕಿತು. ಸೆರಗಿನಿಂದ ಒರೆಸಿ ಇನ್ನೊಮ್ಮೆ ಇಟ್ಟಳು. ಬೆಳಕು ಅಲ್ಲೇ ಇತ್ತು.

“ಇದು ಬಾಗಿದೆ. ಹಾಕಲಿಕ್ಕಾಗುವುದಿಲ್ಲ,” ಎಂದಳು.

ಎದುರಿನ ಸ್ಟೂಲಿನಲ್ಲಿ ಫೋನು ತಿಕ್ಕುತ್ತ ಕೂತಿದ್ದ ಸುಶಾಂತ್ ತಲೆಯೆತ್ತಿದ. ಹೋಟೆಲು ಸುಧಾಕರನ ಮಗ. ದಿಲ್ಲಿಯಲ್ಲಿ ಅವರದು ಐದು ಹೋಟೆಲು. ಐದರಲ್ಲಿ ಯಾವ ಗ್ರೈಂಡರು ಕೆಟ್ಟರೂ ಬರುವುದು ಮುನಿರ್ಕಾದ ಗಲ್ಲಿಯ ಈ ಅಂಗಡಿಗೆ, ಜಲಜಾಕ್ಷಿಯ ಕೈಗೆ. ಈ ಸುಶಾಂತನ ಹಳೆಯ ಜಪಾನಿ ಕಾರಿನ ಎಂಜಿನ್ನು ಬಿಚ್ಚಿ, “ಪಿಸ್ಟನ್ನೇ ಇಲ್ಲವಲ್ಲ!” ಎಂದು ನಾಲ್ಕು ಗ್ಯಾರೇಜಿನವರು ಕೈಚೆಲ್ಲಿದಾಗ ಅದೂ ಇಲ್ಲಿಗೇ ಬಂದಿತ್ತು. ಜಲಜಾಕ್ಷಿಗೆ ಅದು ಅಷ್ಟೇನೂ ಹೊಸದೆನಿಸಲಿಲ್ಲ. ಒರಳಿನಲ್ಲಿ ಗುಂಡುಕಲ್ಲು ತಿರುಗಿದ ಹಾಗೆ ಇಲ್ಲಿ ಗೂಡಿನೊಳಗೆ ಮೂರು ಮೂಲೆಯ ಗುಂಡು ತಿರುಗುತ್ತದೆ. ಮೂಲೆಗೊಂದು ಸೀಲು, ನಡುಬೆರಳುದ್ದದ ಬೀಡುಕಬ್ಬಿಣದ ಪಟ್ಟಿ, ಅದರಡಿಗೆ ಸ್ಪ್ರಿಂಗು. ಸೀಲು ಗೂಡಿನ ಗೋಡೆಯನ್ನು ಒಂದು ಗಳಿಗೆಯೂ ಬಿಡಬಾರದು. ಬಿಟ್ಟರೆ ಎಂಜಿನ್ನಿನ ಉಸಿರು ಸೋರುತ್ತದೆ. ಮುರಿದರಂತೂ ಗೋಡೆಯನ್ನೆಲ್ಲ ಗೀರಿ, ಓಡುತ್ತಿದ್ದ ಎಂಜಿನ್ನು ಓಡುತ್ತಿದ್ದಲ್ಲೇ ಕಚ್ಚಿಕೊಂಡು ನಿಲ್ಲುತ್ತದೆ.

ಎರಡು ಗುಂಡು, ಆರು ಸೀಲು. ಸ್ಪ್ರಿಂಗು ಹಾರದಂತೆ ವ್ಯಾಸಲೀನು ಮೆತ್ತಿ, ಉಸಿರು ಬಿಗಿಹಿಡಿದು, ಬೆಳಗಿನಿಂದ ಐದನ್ನು ಕೂರಿಸಿದ್ದಳು. ಆರನೆಯ ಹೊಸ ಸೀಲನ್ನು ಸುಶಾಂತನೇ ರೀಲ್ ಮಾಡಲು ಹೋಗಿ ಗಲ್ಲಿಯ ಮೋರಿಗೆ ಬೀಳಿಸಿದ್ದ. ಈಗ ಅವನು ಕೊಟ್ಟದ್ದು ಅದೇ ಎಂಜಿನ್ನಿನಿಂದ ಕಿತ್ತ ಹಳೆಯದು, ಹಳೆಯವುಗಳಲ್ಲಿ ಮುರಿಯದೆ ಉಳಿದಿದ್ದ ಒಂದೇ ಒಂದು.

“ಅರೇ ಆಂಟಿ, ಇಷ್ಟೇ ಇಷ್ಟು ಬೆಳಕು! ಮುಚ್ಚಿದ ಮೇಲೆ ಯಾರಿಗೆ ಕಾಣ್ತದೆ? ಸಂಡೇ ಕಾರು ತಗೊಳ್ಳೋ ಪಾರ್ಟಿ ಬರ್ತಾನೆ, ಸ್ಟಾರ್ಟ್ ಮಾಡಿ ಕೇಳ್ತಾನೆ, ಜೈಪುರಕ್ಕೆ ಓಡಿಸ್ಕೊಂಡು ಹೋಗ್ತಾನೆ. ಬಸ್, ಕಾಮ್ ಖತಮ್.”

“ಜೈಪುರ ಮುಟ್ಟುತ್ತಾನಾ?”

“ಅದು ಅವನ ಹೆಡೇಕ್.”

“ಒಬ್ಬನೇ ಬರುವುದಾ?”

“ಬೀವಿ-ಬಚ್ಚೇ, ಇಡೀ ಫ್ಯಾಮಿಲಿ ಇರ್ತದೆ. ಲಾಂಗ್ ಡ್ರೈವ್ ಅಂತೆ. ನಿಮಗೆ ಯಾಕೆ?”

“ಹೊಸದು ತರಿಸು. ಮೂರು ವಾರ ಆದರೆ ಆಗಲಿ. ಎಂಜಿನ್ನು ಇಲ್ಲೇ ಬಟ್ಟೆ ಹೊದ್ದು ಮಲಗಿರ್ತದೆ, ಅದೇನು ಅನ್ನ ಕೇಳುವುದಿಲ್ಲ.”

ಸುಶಾಂತ್ ಅಪ್ಪನಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದ. “ಪಪ್ಪಾ, ಆಂಟಿ ನಖ್ರಾ ಮಾಡ್ತಿದಾರೆ. ಒಂದು ಹಳೇ ಸೀಲ್ ಹಾಕಿ ಅಂದ್ರೆ ಹಾಕೋದಿಲ್ವಂತೆ.”

ಸುಧಾಕರನ ದನಿಯ ಹಿಂದೆ ತಟ್ಟೆ ಲೋಟಗಳ ಗದ್ದಲವಿತ್ತು. “ಎಂತ ಜಲಜಾ ಇದು? ಹುಡುಗ ಹೇಳಿದ ಹಾಗೆ ಮಾಡಿ ಕೊಡು ಮಾರಾಯ್ತಿ. ಆ ಕಾರು ತೊಲಗಿದರೆ ನನಗೂ ನಿದ್ದೆ ಬರ್ತದೆ.”

“ಸುಧಾಕರಣ್ಣ, ಹಿಟ್ಟಿಗೆ ಕಲ್ಲಿನ ಚೂರು ಬಿದ್ದರೆ ಎಂತ ಮಾಡ್ತೀರಿ?”

“ಇಡೀ ಹಿಟ್ಟು ಚೆಲ್ತೇವೆ. ಅದಕ್ಕೂ ಇದಕ್ಕೂ ಎಂತ ಸಂಬಂಧ?”

“ನೀವು ಚೆಲ್ತೀರಿ. ನಾನು ಮಾತ್ರ ಬಡಿಸಬೇಕಾ?”

ಸುಧಾಕರನ ಮಾತು ತಣ್ಣಗೆ ಬಂತು: “ನೋಡು, ನಾಳೆಯಿಂದ ನಮ್ಮ ಒಂದು ಗ್ರೈಂಡರೂ ನಿನ್ನ ಹೊಸಿಲು ತುಳಿಯುವುದಿಲ್ಲ. ಯೋಚನೆ ಮಾಡು.”

ಫೋನು ಕಟ್ಟಾಯಿತು. ಸುಶಾಂತ್ ಹುಬ್ಬು ಹಾರಿಸಿ ಅವಳನ್ನೇ ನೋಡಿದ.

ಐದು ಹೋಟೆಲೆಂದರೆ ಅವಳ ಊಟದ ಮುಕ್ಕಾಲು ಪಾಲು. ಜಲಜಾಕ್ಷಿ ಮೂಲೆಯತ್ತ ನೋಡಿದಳು. ಸುಧಾಕರನ ಕಿದ್ವಾಯಿ ನಗರದ ಹೋಟೆಲಿನ ಗುಂಡುಕಲ್ಲು ಅಲ್ಲಿ ಕೂತಿತ್ತು. ಎರಡು ದಿನ ಉಳಿ ಹಿಡಿದು ಹೊಸದಾಗಿ ಕಚ್ಚು ಹಾಕಿದ್ದಳು. ಕೈಗಂಟಿದ ವ್ಯಾಸಲೀನನ್ನು ಚಿಂದಿಯಲ್ಲಿ ನಿಧಾನವಾಗಿ, ಬೆರಳು ಬೆರಳು ಬಿಡಿಸಿ ಒರೆಸಿಕೊಂಡಳು. ಬಗ್ಗಿ ಕಲ್ಲನ್ನು ಅಂಚಿನ ಮೇಲೆ ವಾಲಿಸಿ, ಮಗುವನ್ನು ನಡೆಸಿದ ಹಾಗೆ ಉರುಳಿಸಿಕೊಂಡು ಹೋಗಿ ಹೊಸಿಲ ಆಚೆಗೆ ದಡಕ್ಕನೆ ಇಳಿಸಿದಳು.

“ಯೋಚನೆ ಮಾಡಿ ಆಯಿತು. ನಾಳೆ ತನಕ ಯಾಕೆ? ಇಕೋ, ಇವತ್ತೇ ದಾಟಿಸಿದ್ದೇನೆ. ತೆಗೆದುಕೊಂಡು ಹೋಗು.”

ಸುಶಾಂತ್ ಎದ್ದು ನಿಂತ. ಕಲ್ಲನ್ನು ನೋಡಿದ, ತನ್ನ ಬಿಳಿ ಬೂಟುಗಳನ್ನು ನೋಡಿಕೊಂಡ. “ಪಾಗಲ್ ಹೈ,” ಎಂದು ಗೊಣಗಿದವನು ಮರುಕ್ಷಣ ನಕ್ಕ. “ಚಲೋ, ಕೋಯಿ ಬಾತ್ ನಹೀಂ. ಎಂಜಿನ್ ಹೊರಲಿಕ್ಕೆ ಟೆಂಪೋ ಕರೀತೇನೆ. ನೋಯ್ಡಾದಲ್ಲಿ ಒಬ್ಬ ಇದ್ದಾನೆ, ಕಣ್ಣು ಮುಚ್ಚಿ ಹಾಕಿ ಕೊಡ್ತಾನೆ. ಆ ಸೀಲ್ ಕೊಡಿ ಇಲ್ಲಿ.”

ಅವನು ಕೈ ಚಾಚಿದ.

ಜಲಜಾಕ್ಷಿ ಗಾಜಿನ ಮೇಲಿಂದ ಸೀಲನ್ನು ಎತ್ತಿಕೊಂಡಳು. ಅವನ ಕಡೆ ತಿರುಗಲಿಲ್ಲ. ಅರ್ಧವನ್ನು ವೈಸಿನ ಬಾಯಿಗೆ ಕಚ್ಚಿಸಿ ಹಿಡಿ ತಿರುಗಿಸಿ ಬಿಗಿದಳು, ಸುತ್ತಿಗೆಯಿಂದ ಒಂದೇ ಒಂದು ಏಟು ಹಾಕಿದಳು. ಹಪ್ಪಳ ಮುರಿದಷ್ಟೇ ಸದ್ದು.

ಚಾಚಿದ ಅವನ ಕೈ ಇನ್ನೂ ಚಾಚಿಯೇ ಇತ್ತು. ಎರಡು ತುಂಡನ್ನೂ ಆ ಅಂಗೈಯಲ್ಲಿಟ್ಟು, ಬೆರಳುಗಳನ್ನು ತಾನೇ ಮಡಿಸಿದಳು.

“ತಗೋ. ಈಗ ಎಲ್ಲರಿಗೂ ಕಾಣ್ತದೆ.”