ಒತ್ತಿದ ಕೈ

ರಟ್ಟು ಒತ್ತುವ ಉರುಳೆಗಳು ಗಕ್ಕನೆ ನಿಂತವು. ಸೈರನ್ ಕೂಗಿಕೊಂಡಿತು. ಕೆಂಪು ಗುಂಡಿಯ ಮೇಲಿಟ್ಟ ಅಂಗೈಯನ್ನು ಹೊಸಬಳು ಇನ್ನೂ ತೆಗೆದಿರಲಿಲ್ಲ. ಕಣ್ಣನ್ನೂ ಬಿಗಿಯಾಗಿ ಮುಚ್ಚಿಕೊಂಡಿದ್ದಳು.

"ಯಾಕಮ್ಮಾ ನಿಲ್ಲಿಸ್ದೆ?" ಎಂದರು ತರಬೇತಿಯ ಮೇಡಂ. ಆರು ದಿನದಿಂದ ಹೂಂ, ಉಹೂಂ ಬಿಟ್ಟರೆ ಬೇರೆ ಮಾತಾಡದೆ 'ಮೌನಗೌರಿ' ಎನಿಸಿಕೊಂಡಿದ್ದವಳು ಬೆರಳು ಚಾಚಿದಳು. "ನಿಮ್ ಐಡಿ ಕಾರ್ಡು, ಮೇಡಂ." ಮೇಡಂ ನೋಡಿಕೊಂಡರು. ಬಗ್ಗಿ ಪಾಠ ಹೇಳುವ ಭರದಲ್ಲಿ ಕೊರಳ ಪಟ್ಟಿ ಜಾರಿ, ಕಾರ್ಡು ಉರುಳೆಗಳ ಬಾಯಿಂದ ಎರಡೇ ಬೆರಳು ದೂರದಲ್ಲಿ ತೂಗುತ್ತಿತ್ತು. 'ಕೊರಳಲ್ಲಿ ಏನೂ ತೂಗಬಾರದು' ಎಂದು ಗೋಡೆಯ ಮೇಲೆ ಬರೆಸಿದ್ದು ಅವರೇ! ತಟ್ಟನೆ ಪಟ್ಟಿ ಹಿಡಿದು ಹಿಂದೆ ಸರಿದರು.

"ಯಾರ್ರೀ ಅದು ಲೈನ್ ನಿಲ್ಸಿದ್ದು? ಮಧ್ಯಾಹ್ನದೊಳಗೆ ಲೋಡ್ ಹೋಗ್ಬೇಕು!" ಸೂಪರ್‌ವೈಸರ್ ಕೂಗುತ್ತಾ ಓಡಿ ಬರುತ್ತಿದ್ದ. ಮೌನಗೌರಿ ಸರಕ್ಕನೆ ಕೈಯನ್ನು ಏಪ್ರನ್ ಒಳಗೆ ಬಚ್ಚಿಟ್ಟುಕೊಂಡಳು.

ನಾಲ್ಕು ವರ್ಷದಿಂದ ಮೇಡಂ ಪ್ರತಿ ಬ್ಯಾಚಿಗೂ ಗಂಟಲು ಹರಿದುಕೊಂಡು ಹೇಳಿದ್ದರು: "ಅಪಾಯ ಕಂಡ್ರೆ ಒತ್ತಿಬಿಡಿ, ಯಾರನ್ನೂ ಕೇಳ್ಬೇಡಿ." ಪರೀಕ್ಷೆಯಲ್ಲಿ ಎಲ್ಲರೂ ಅದನ್ನು ಚಾಚೂ ತಪ್ಪದೆ ಬರೆದಿದ್ದರು. ಬೈಗುಳಕ್ಕೆ ಹೆದರಿ ಒಬ್ಬರೂ ಒತ್ತಿರಲಿಲ್ಲ. ಮೇಡಂಗೆ ಈಗ ನಗು ತಡೆಯಲಾಗಲಿಲ್ಲ. ಏಪ್ರನ್ನಿಗೆ ಕೈಹಾಕಿ ಆ ಕೈಯನ್ನು ಹೊರಗೆಳೆದರು. ಕುಸ್ತಿ ಗೆದ್ದವರ ಕೈ ಎತ್ತುವಂತೆ ಇಡೀ ಶೆಡ್ಡಿಗೆ ಕಾಣುವ ಹಾಗೆ ಮೇಲೆತ್ತಿ, ಸೈರನ್ನನ್ನೂ ಮೀರಿ ಕೂಗಿದರು:

"ಇವ್ಳು ಕಣ್ರೀ! ಒತ್ತೇಬಿಟ್ಲು!"