ಏಳನೇ ಪೆಟ್ಟಿಗೆ

ಸ್ವಿಚ್ ಹಾಕಿದರೂ ಆಂಪ್ಲಿಫೈಯರ್ ಉಸಿರೆತ್ತಲಿಲ್ಲ. “ಸುಟ್ಟು ಹೋಯ್ತಾ ಮಾವ?” ಸೊಸೆ ಗಾಬರಿಯಾದಳು.

“ಇಲ್ಲಮ್ಮ, ಈ ಟ್ರಾನ್ಸ್‌ಫಾರ್ಮರ್ ಸೋಮಾರಿ. ಕೈತುಂಬ ಕೆಲಸ ಕೊಡದೆ ಏಳೋದಿಲ್ಲ” ಎನ್ನುತ್ತ ಮೇಷ್ಟ್ರು ಅದರ ತಂತಿಗೆ ಪುಟ್ಟ ಬಲ್ಬೊಂದನ್ನೂ ಸೇರಿಸಿದರು. ಬಲ್ಬು ಹೊತ್ತಿಕೊಂಡಿತು. ಪೆಟ್ಟಿಗೆಗೂ ಜೀವ ಬಂತು.

ಶಾಲೆಯಿಂದ ನಿವೃತ್ತರಾದ ಮೇಲೆ ಗಣಿತದ ಮೇಷ್ಟ್ರಿಗೆ ಆಂಪ್ಲಿಫೈಯರ್ ಕಟ್ಟುವುದೇ ಹುಚ್ಚು. ಮೊದಲೆಲ್ಲ ಒಳಗೆ ಇಟ್ಟಿಗೆಯಷ್ಟು ಭಾರದ ಕಬ್ಬಿಣದ ಟ್ರಾನ್ಸ್‌ಫಾರ್ಮರ್ ಕೂರಿಸುತ್ತಿದ್ದರು. ಸೊಸೆ ಅಂಗಡಿಗಳ ಚಾವಣಿಗೆ ದೀಪ ಹಾಕುವ ಎಲೆಕ್ಟ್ರಿಷಿಯನ್. ಹಳೆಯ ದೀಪ ಕಳಚಿದಾಗ ಸಿಗುವ, ಅಂಗೈಯಲ್ಲಿ ಅಡಗುವ ಎಲೆಕ್ಟ್ರಾನಿಕ್ ಟ್ರಾನ್ಸ್‌ಫಾರ್ಮರ್‌ಗಳನ್ನು ಅವಳು ತಂದುಕೊಡತೊಡಗಿದ ಮೇಲೆ, ಒಂದೇ ವರ್ಷದಲ್ಲಿ ಆರು ಪೆಟ್ಟಿಗೆ ಕಟ್ಟಿ ಹಳೆಯ ಶಿಷ್ಯರಿಗೆ ಹಂಚಿದ್ದರು. ಏಳನೆಯದು ಅವಳಿಗೇ. ರಜೆ ಇದ್ದುದರಿಂದ ಮೊದಲ ಸಲ ಪಕ್ಕದಲ್ಲಿ ಕೂತಿದ್ದಳು.

“ಹಾಡು ಆಮೇಲೆ. ಮೊದಲು ಮೌನ ಕೇಳು” ಎಂದು ಮೇಷ್ಟ್ರು ಸ್ಪೀಕರಿಗೆ ಕಿವಿ ಆನಿಸಿದರು. “ನೋಡು, ಗುಂಯ್ ಅನ್ನೋದೂ ಇಲ್ಲ. ಹೇಗೆ?”

ಅವಳು ಮತ್ತೊಮ್ಮೆ ಸ್ಪೀಕರಿಗೆ ಕಿವಿಗೊಟ್ಟಳು. ಈ ಮನೆಗೆ ಬಂದಾಗಿನಿಂದ ಮಾವನ ಕಿವಿಯ ಗುಣಗಾನ ಕೇಳಿಕೊಂಡೇ ಬಂದವಳು.

“ಮಾವ... ಸಣ್ಣಗೆ ಶಿಳ್ಳೆ ಹೊಡೆದ ಹಾಗೆ ಬರ್ತಿದೆಯಲ್ಲ.”

“ಎಲ್ಲಿಂದ?”

“ಸ್ಪೀಕರಿಂದಾನೇ.”

ಮೇಷ್ಟ್ರು ಇನ್ನೊಂದು ಕಿವಿ ಆನಿಸಿದರು, ಕಣ್ಣು ಮುಚ್ಚಿದರು. ಕೊನೆಗೆ ತರಗತಿಯ ದನಿಯಲ್ಲಿ, “ಗೋಡೆ ಕಡೆ ತಿರುಗಿ ನಿಂತ್ಕೋ. ಇದೆ, ಇಲ್ಲ, ಅಷ್ಟೇ ಹೇಳು” ಎಂದರು. ಅವಳ ಬೆನ್ನ ಹಿಂದೆ ಸ್ಪೀಕರಿನ ತಂತಿಯನ್ನು ಸದ್ದಿಲ್ಲದೆ ಮುಟ್ಟಿಸುತ್ತ, ತೆಗೆಯುತ್ತ ಹೋದರು.

“ಇದೆ... ಇಲ್ಲ... ಇಲ್ಲ... ಇದೆ.”

ಹತ್ತು ಸಲ ಕೇಳಿದರು. ಹತ್ತೂ ಸರಿ.

“ತಿರುಗಲಾ ಮಾವ?” ತಿರುಗಿ ನೋಡಿದರೆ, ಅವರು ತಂತಿ ಹಿಡಿದುಕೊಂಡೇ ಕೂತಿದ್ದರು.

“ಶಿಳ್ಳೆ ಬಿಡು, ಒಂದು ಕಾಯಿಲ್ ಸುತ್ತಿ ಹಾಕಿದ್ರೆ ಹೋಗುತ್ತೆ” ಎಂದರು ತಮ್ಮಷ್ಟಕ್ಕೆ. “ಆರು ಕೊಟ್ಟಿದ್ದೀನಲ್ಲಮ್ಮ. ಒಬ್ಬರೂ ತುಟಿ ಬಿಚ್ಚಲಿಲ್ಲ.”

ಆ ಆರರಲ್ಲಿ ಮೊದಲನೆಯದನ್ನು ಒಯ್ದಿದ್ದ ದರ್ಜಿ ಶಿಷ್ಯನಿಗೆ ಫೋನ್ ಮಾಡಿ, ಸೊಸೆಗೂ ಕೇಳಿಸುವಂತೆ ಮೇಜಿನ ಮೇಲಿಟ್ಟರು.

“ನಿನ್ನ ಪೆಟ್ಟಿಗೆ ಶಿಳ್ಳೆ ಹೊಡೆಯುತ್ತೇನೋ?”

ಆ ಕಡೆ ಹೊಲಿಗೆ ಮೆಷಿನ್ ನಿಂತಿತು. “ಮೊದಲ ದಿನದಿಂದಲೂ ಮೇಷ್ಟ್ರೇ.”

“ಮತ್ತೆ ಯಾಕೋ ಹೇಳಲಿಲ್ಲ?”

“ನೀವೇ ಕಿವಿಯಿಟ್ಟು ಕೇಳಿ, ಏನೂ ಇಲ್ಲ ಅಂದ್ರಲ್ಲ... ನಾನು ಡಾಕ್ಟರ ಹತ್ರ ಹೋಗಿ ಕಿವಿಗೆ ಔಷಧಿ ಹಾಕಿಸ್ಕೊಂಡು ಬಂದೆ.”