ಬಲಗಡೆಯ ಹೆಸರು

ಲಾರ್ನಾ ಅವರ ಇಸ್ತ್ರಿಪೆಟ್ಟಿಗೆ ಮಗನ ಹೆಸರಿನ ಹತ್ತಿರ ಬಂದು ನಿಂತಿತು. ಮಾರ್ಚಿನಲ್ಲಿ ಸರೋವರದ ಮಂಜುಗಡ್ಡೆ ಬಿರಿದು ಮುಳುಗಿಹೋದ ವೆಸ್ಲಿಯ ಹೆಸರು, ಬಟ್ಟೆಯ ಮೇಲೆ ಅಚ್ಚು ಹಾಕಿಸಿದ ಸಂಶೋಧನಾ ಪೋಸ್ಟರಿನಲ್ಲಿ ಅವನ ಜೊತೆ ಕೆಲಸ ಮಾಡಿದ್ದ ಇಂಗ್ರಿಡ್‌ಳ ಹೆಸರಿನ ಬಲಕ್ಕಿತ್ತು. ಅದನ್ನು ಅವನ ತಾಯಿಗೇ ಕೊಟ್ಟುಬಿಡೋಣವೆಂದು ಅವಳು ತಂದಿದ್ದಳು. ಲಾರ್ನಾ ಅದನ್ನು ಮೇಜಿನ ಮೇಲೆ ಹರಡಿ ಸುಕ್ಕು ತೆಗೆಯತೊಡಗಿದ್ದರು.

“ಹ್ಯಾಲಿಫ್ಯಾಕ್ಸ್ ಸಮ್ಮೇಳನಕ್ಕೆ ನಾನು ಹೋಗಲ್ಲ ಆಂಟಿ. ಅಲ್ಲಿ ಪೋಸ್ಟರ್ ಯಾರು ನೋಡ್ತಾರೆ? ಕಾಫಿ ಹಿಡ್ಕೊಂಡು ಹಾಗೇ ದಾಟ್ಕೊಂಡು ಹೋಗ್ತಾರೆ. ಮೀನು ಹಿಡಿದು ಎಣಿಸಿದ್ದೆಲ್ಲ ಅವನೇ. ಯಾರಾದ್ರೂ ನಿಂತು ‘ಈ ಇನ್ನೊಬ್ಬರೆಲ್ಲಿ?’ ಅಂತ ಕೇಳಿಬಿಟ್ರೆ?” ಎಂದಳು ಇಂಗ್ರಿಡ್.

“ಕೇಳಲಿ ಬಿಡು. ಇಲ್ಲಿ ಈಗ ಅವನ ಬಗ್ಗೆ ಯಾರೂ ಕೇಳೋದೇ ಇಲ್ಲ.”

ಬಿಸಿ ತಾಗೀತೆಂಬಂತೆ ಲಾರ್ನಾ ಪೆಟ್ಟಿಗೆಯನ್ನೆತ್ತಿ, ಆ ಹೆಸರನ್ನು ಮಾತ್ರ ಅಂಗೈಯಿಂದಲೇ ಸವರಿ ಸರಿಮಾಡಿದರು. ಆಮೇಲೆ ಪೋಸ್ಟರನ್ನು ಮಡಚಿ ಅವಳ ಕೈಗಿಟ್ಟರು.

“ಅಲ್ಲಿ ಪೋಸ್ಟರಿನ ಎಡಗಡೆ ನಿಂತ್ಕೊಳ್ಳಮ್ಮ. ಬಲಗಡೆ ನಿಂತ್ರೆ ಇವನು ಕಾಣಿಸಲ್ಲ.”